ಅಳಿಸಿದ ಸಿಟ್ಟು ಯಾರದು? – ‘ಸಿಟಿ ಆಫ್ ಏಂಜಲ್ಸ್’ ನಾಟಕದ ಒಂದು ಓದು

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಅಮೆರಿಕದ ಒಂದು ಹಾಸ್ಯ ಸಂಗೀತ ನಾಟಕಕ್ಕೆ ಏನು ಕೆಲಸ ಎಂದು ಕೇಳುವವರು ಕೇಳಬಹುದು. ಕೇಳಲಿ. ನಾವು ಇಷ್ಟು ವರ್ಷ ಹೆಚ್ಚಾಗಿ ಓದಿರುವುದು ನೋವನ್ನು ನೋವೆಂದೇ ಬರೆದ ಕೃತಿಗಳನ್ನು. ಅಲ್ಲಿ ನಮ್ಮ ದಾರಿ ನಮಗೆ ಗೊತ್ತಿದೆ. ನಗಿಸುವ ಪಠ್ಯದ ಮುಂದೆ ಕೂತಾಗ ಮಾತ್ರ ನಮ್ಮ ವಿಮರ್ಶೆ ಸ್ವಲ್ಪ ತಡವರಿಸುತ್ತದೆ. ‘ತಮಾಷೆಗೆ ಹೇಳಿದ್ದಪ್ಪ, ಅದನ್ನೂ ಹಿಡ್ಕೊಂಡು ಜಗಳಕ್ಕೆ ಬರ್ತೀರಲ್ಲ’ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಯಾರಿದ್ದಾರೆ? ಆ ಮಾತಿಗೆ ಹೆದರಿ ನಾವು ಹಾಸ್ಯವನ್ನು ಬಿಟ್ಟುಬಿಟ್ಟೆವೇನೋ. ಹಾಸ್ಯದೊಳಗೂ ಒಂದು ಪಂಕ್ತಿ ಇರುತ್ತದೆ, ಆ ಪಂಕ್ತಿಯಲ್ಲಿ ಕೂತವರೂ ಹೊರಗೆ ನಿಂತವರೂ ಇರುತ್ತಾರೆ ಎಂಬುದನ್ನು ತೋರಿಸಲು ನಾನು ಬೇಕೆಂದೇ ದೂರದ ಒಂದು ನಾಟಕವನ್ನು ಆರಿಸಿಕೊಂಡಿದ್ದೇನೆ. ಹತ್ತಿರದ್ದನ್ನು ಆರಿಸಿದರೆ ನಮಗೆ ಬೇಗ ಸಿಟ್ಟು ಬರುತ್ತದೆ, ಓದು ಕೆಡುತ್ತದೆ.

ನಾಟಕದ ಹೆಸರು ‘ಸಿಟಿ ಆಫ್ ಏಂಜಲ್ಸ್’. ದೇವದೂತರ ಊರು, ಅಂದರೆ ಲಾಸ್ ಏಂಜಲಿಸ್. ೧೯೮೯ರ ಡಿಸೆಂಬರ್ ೧೧ರಂದು ನ್ಯೂಯಾರ್ಕಿನ ಬ್ರಾಡ್‌ವೇಯ ವರ್ಜೀನಿಯಾ ಥಿಯೇಟರಿನಲ್ಲಿ ಇದರ ಮೊದಲ ಪ್ರಯೋಗವಾಯಿತು. ನಾಟಕ ಬರೆದವರು ಲ್ಯಾರಿ ಗೆಲ್ಬಾರ್ಟ್, ಸಂಗೀತ ಸೈ ಕೋಲ್ಮನ್, ಹಾಡುಗಳ ಸಾಹಿತ್ಯ ಡೇವಿಡ್ ಜಿಪೆಲ್, ನಿರ್ದೇಶನ ಮೈಕೆಲ್ ಬ್ಲೇಕ್‌ಮೋರ್. ೧೯೯೨ರ ಜನವರಿಯವರೆಗೆ ಎಂಟುನೂರಕ್ಕೂ ಹೆಚ್ಚು ಪ್ರಯೋಗಗಳು ನಡೆದವು. ೧೯೯೦ರಲ್ಲಿ ಉತ್ತಮ ಸಂಗೀತ ನಾಟಕವೂ ಸೇರಿದಂತೆ ಆರು ಟೋನಿ ಪ್ರಶಸ್ತಿಗಳು ಬಂದವು. ೧೯೯೩ರಲ್ಲಿ ಲಂಡನ್ನಿಗೂ ಹೋಯಿತು. ನಾನು ಇದನ್ನು ರಂಗದ ಮೇಲೆ ನೋಡಿಲ್ಲ. ಅಚ್ಚಾದ ಪಠ್ಯ ಮತ್ತು ಮೊದಲ ತಂಡದ ಧ್ವನಿಮುದ್ರಿಕೆ, ಇವೆರಡರ ಬಲದ ಮೇಲೆ ಬರೆಯುತ್ತಿದ್ದೇನೆ.

೧

ಈ ನಾಟಕ ಲೇವಡಿ ಮಾಡುವುದು ೧೯೪೦ರ ದಶಕದ ಅಮೆರಿಕದ ಅಪರಾಧ ಸಿನಿಮಾಗಳನ್ನು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಪ್ಯಾರಿಸಿನ ವಿಮರ್ಶಕರು ಆ ಸಿನಿಮಾಗಳನ್ನು ಒಟ್ಟಿಗೆ ನೋಡಿ ‘ಫಿಲ್ಮ್ ನುವಾರ್’ ಎಂದರು. ಕಪ್ಪು ಸಿನಿಮಾ ಎಂದರ್ಥ. ಕಿಟಕಿಯ ಪಟ್ಟಿಗಳ ನೆರಳು ಬಿದ್ದ ಕೋಣೆ, ರಾತ್ರಿ, ಸಿಗರೇಟಿನ ಹೊಗೆ, ಕಾಸಿಲ್ಲದ ಆದರೆ ಸ್ವಾಭಿಮಾನ ಬಿಡದ ಪತ್ತೇದಾರ, ಸಹಾಯ ಕೇಳಿ ಬರುವ ಶ್ರೀಮಂತ ಸುಂದರಿ, ಅವಳ ಹಿಂದೆಯೇ ಬರುವ ಹೆಣ. ಪತ್ತೇದಾರ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತಿರುತ್ತಾನೆ. ಡ್ಯಾಶಿಯಲ್ ಹ್ಯಾಮೆಟ್, ರೇಮಂಡ್ ಚಾಂಡ್ಲರ್ ಮುಂತಾದವರ ಕಾದಂಬರಿಗಳಿಂದ ಹುಟ್ಟಿದ ಲೋಕ ಇದು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಕಪ್ಪು ಎಂದು ಹೆಸರಿಟ್ಟುಕೊಂಡ ಈ ಸಿನಿಮಾಗಳಲ್ಲಿ ಕರಿಯರು ಕಾಣಿಸುವುದು ಲಿಫ್ಟ್ ನಡೆಸುವವರಾಗಿ, ಗ್ಯಾರೇಜಿನಲ್ಲಿ ಕಾರು ಒರೆಸುವವರಾಗಿ, ಪಿಯಾನೋ ನುಡಿಸುವವರಾಗಿ. ಕಪ್ಪು ಅಲ್ಲಿ ಬಿಳಿಯರ ಮನಸ್ಸಿನ ಬಣ್ಣ.

ಗೆಲ್ಬಾರ್ಟ್ ಸಾಮಾನ್ಯ ಹಾಸ್ಯಗಾರರಲ್ಲ. ದೂರದರ್ಶನದ ‘ಮ್ಯಾಶ್’ ಸರಣಿಯನ್ನು ರೂಪಿಸಿ ಯುದ್ಧವನ್ನೇ ನಗುವಿಗೆ ಒಡ್ಡಿದ್ದವರು. ಇಲ್ಲೂ ಒಂದು ಅದ್ಭುತವಾದ ಉಪಾಯ ಮಾಡಿದ್ದಾರೆ. ರಂಗದ ಮೇಲೆ ಎರಡು ಲೋಕಗಳಿವೆ. ಒಂದು, ೧೯೪೦ರ ದಶಕದ ಕೊನೆಯ ಹಾಲಿವುಡ್. ಅಲ್ಲಿ ಸ್ಟೈನ್ ಎಂಬ ಕಾದಂಬರಿಕಾರ ತನ್ನದೇ ಕಾದಂಬರಿಯನ್ನು ಬಡ್ಡಿ ಫಿಡ್ಲರ್ ಎಂಬ ಸಿನಿಮಾ ದೊರೆಗಾಗಿ ಚಿತ್ರಕತೆ ಮಾಡುತ್ತಿದ್ದಾನೆ. ಈ ಲೋಕ ಬಣ್ಣದಲ್ಲಿದೆ. ಇನ್ನೊಂದು ಸ್ಟೈನ್ ಬರೆಯುತ್ತಿರುವ ಸಿನಿಮಾದ ಲೋಕ. ಅದರ ನಾಯಕ ಸ್ಟೋನ್ ಎಂಬ ಪತ್ತೇದಾರ. ಈ ಲೋಕದ ಬಟ್ಟೆ, ಕುರ್ಚಿ, ಗೋಡೆ ಎಲ್ಲವೂ ಕಪ್ಪು ಬಿಳುಪು. ಸ್ಟೈನನ ಬದುಕಿನಲ್ಲಿ ಇರುವವರೇ ಸ್ಟೋನನ ಲೋಕದಲ್ಲಿ ಪಾತ್ರಗಳಾಗುತ್ತಾರೆ. ಒಬ್ಬ ನಟನೇ, ಒಬ್ಬ ನಟಿಯೇ ಎರಡೂ ಕಡೆ ಬರುತ್ತಾರೆ. ದೊರೆಯ ಸೆಕ್ರೆಟರಿ ಡೊನ್ನಾ ಕಪ್ಪು ಬಿಳುಪಿನಲ್ಲಿ ಪತ್ತೇದಾರನ ಸೆಕ್ರೆಟರಿ ಊಲಿ. ಹೆಂಡತಿ ಗ್ಯಾಬಿ ಅಲ್ಲಿ ಕೈತಪ್ಪಿದ ಪ್ರೇಯಸಿ ಬಾಬಿ.

ಇದರಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವ ಒಂದು ತಂತ್ರವಿದೆ. ಸ್ಟೈನ್ ಟೈಪ್‌ರೈಟರ್ ಮುಂದೆ ಕೂತು ಬರೆಯುತ್ತಿದ್ದರೆ ಪಾತ್ರಗಳು ಆ ಮಾತನ್ನು ಆಡುತ್ತಾ ನಡೆಯುತ್ತವೆ. ಬರೆದದ್ದು ಸರಿಯಿಲ್ಲ ಎನಿಸಿ ಅವನು ಹೊಡೆದುಹಾಕಿದ ತಕ್ಷಣ ಪಾತ್ರಗಳು ಹಿಂದಕ್ಕೆ ಚಲಿಸುತ್ತವೆ. ಆಡಿದ ಮಾತು ತಿರುಗುಮುರುಗಾಗಿ ಬಾಯಿಗೆ ವಾಪಸ್ಸು ಹೋಗುತ್ತದೆ, ಎದ್ದವರು ಕೂರುತ್ತಾರೆ, ಬಂದವರು ಹಿಂದು ಹಿಂದಾಗಿ ಬಾಗಿಲಿನಾಚೆ ಹೋಗುತ್ತಾರೆ. ಆಮೇಲೆ ತಿದ್ದಿದ ದೃಶ್ಯ ಹೊಸದಾಗಿ ಶುರುವಾಗುತ್ತದೆ. ಸಭೆ ಬಿದ್ದು ಬಿದ್ದು ನಗುತ್ತದೆ. ನಗಬೇಕಾದದ್ದೇ. ಬರಹ ಎಂಬ ಕ್ರಿಯೆ ಎಂಥ ಯಜಮಾನಿಕೆ ಎಂಬುದನ್ನು ಇಷ್ಟು ಸರಳವಾಗಿ ಕಣ್ಣಿಗೆ ಕಾಣಿಸಿದ ಇನ್ನೊಂದು ನಾಟಕ ನನಗೆ ಗೊತ್ತಿಲ್ಲ. ಕೈಯಲ್ಲಿ ಟೈಪ್‌ರೈಟರ್ ಇದ್ದವನು ಮನುಷ್ಯರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಬಲ್ಲ.

ಮೊದಲ ಅಂಕದ ಕೊನೆಗೆ ಸ್ಟೈನ್ ಮತ್ತು ಸ್ಟೋನ್ ಎದುರುಬದುರು ನಿಂತು ಜಗಳದ ಹಾಡೊಂದನ್ನು ಹಾಡುತ್ತಾರೆ. ನಾನಿಲ್ಲದೆ ನೀನಿಲ್ಲ ಎಂದು ಇಬ್ಬರದೂ ವಾದ. ಬರೆದವನ ಮೇಲೆ ಅವನ ಪಾತ್ರವೇ ತಿರುಗಿ ಬೀಳುತ್ತದೆ. ಕೊನೆಗೆ ಸ್ಟೈನ್ ದೊರೆಯ ವಿರುದ್ಧ ಸಿಡಿದೆದ್ದಾಗ, ಸ್ಟುಡಿಯೋದ ಕಾವಲುಗಾರರು ಅವನ ಮೇಲೆ ಬಿದ್ದಾಗ, ಸ್ಟೋನನೇ ಬಂದು ಟೈಪ್‌ರೈಟರ್ ಮುಂದೆ ಕೂತು ಸ್ಟೈನನನ್ನು ಗೆಲ್ಲಿಸುತ್ತಾನೆ. ಹಾಲಿವುಡ್ಡನ್ನು ಬಯ್ಯುತ್ತಲೇ ಬಂದ ನಾಟಕ ಹಾಲಿವುಡ್ಡಿನದೇ ಸುಖಾಂತ್ಯ ಕೊಟ್ಟು ತನ್ನನ್ನೂ ಲೇವಡಿ ಮಾಡಿಕೊಳ್ಳುತ್ತದೆ. ಇದನ್ನೆಲ್ಲ ಮೆಚ್ಚದೆ ಮುಂದೆ ಹೋದರೆ ನನ್ನ ಓದಿಗೆ ಬೆಲೆಯಿಲ್ಲ. ಪಾತ್ರವೊಂದು ಬರೆದವನ ಕುರ್ಚಿಯಲ್ಲಿ ಕೂರುವ ಆ ಗಳಿಗೆಗೆ ನಾನೂ ಮನಸೋತವನೇ.

ಆದರೆ ಆ ಕುರ್ಚಿ ಯಾರಿಗೆ ಸಿಕ್ಕಿತು? ನಾಯಕನಿಗೆ ಸಿಕ್ಕಿತು. ಅದೇ ಕಪ್ಪು ಬಿಳುಪಿನ ಲೋಕದಲ್ಲಿ ಇನ್ನೊಬ್ಬನಿದ್ದಾನೆ, ಅವನ ಕಡೆ ಈಗ ತಿರುಗೋಣ.

೨

ಅವನ ಹೆಸರು ಮುನೋಜ್. ಪೊಲೀಸ್ ಲೆಫ್ಟಿನೆಂಟ್, ಮೆಕ್ಸಿಕನ್ ಮೂಲದವನು. ಸ್ಟೋನ್ ಪೊಲೀಸ್ ಇಲಾಖೆಯಲ್ಲಿದ್ದಾಗ ಇಬ್ಬರೂ ಜೊತೆಗಾರರು. ಆಗ ಸಿನಿಮಾ ದೊರೆಯೊಬ್ಬ ಗುಂಡೇಟಿಗೆ ಸಾಯುತ್ತಾನೆ. ಸ್ಟೋನ್ ಅಲ್ಲೇ ಇದ್ದ, ಆದರೂ ಪಾರಾದ. ಅದು ಕೊಲೆ ಎಂದೇ ಮುನೋಜ್ ನಂಬಿದ್ದಾನೆ. ತನ್ನ ಮೈಬಣ್ಣದವನು ಆ ಜಾಗದಲ್ಲಿ ಇದ್ದಿದ್ದರೆ ಗತಿ ಬೇರೆಯೇ ಆಗುತ್ತಿತ್ತು ಎಂಬ ಕುದಿ ಅವನಲ್ಲಿ ಆರಿಲ್ಲ. ಈಗ ಸ್ಟೋನ್ ಇನ್ನೊಂದು ಕೊಲೆಯಲ್ಲಿ ಸಿಕ್ಕಿಹಾಕಿಕೊಂಡು ಜೈಲು ಸೇರಿದಾಗ ಮುನೋಜ್ ಸಂಭ್ರಮದಿಂದ ಒಂದು ಹಾಡು ಹಾಡುತ್ತಾನೆ. ಕಾಯುತ್ತಿದ್ದೆ, ನಿನ್ನ ಕಾಲ ಬಂತು ಎಂಬ ಧಾಟಿಯ ಆ ಹಾಡಿನ ಲಯ ಲ್ಯಾಟಿನ್ ಕುಣಿತದ್ದು. ಗಲ್ಲಿನ ಮಾತು, ಕಾಲಲ್ಲಿ ಕುಣಿತ. ಸಭೆಗೆ ನಗು.

ಬಡ್ಡಿ ಫಿಡ್ಲರ್‌ಗೆ ಸ್ಟೈನನ ಚಿತ್ರಕತೆಯಲ್ಲಿ ಕಿರಿಕಿರಿ ಮಾಡುವ ಸಂಗತಿಗಳಲ್ಲಿ ಈ ಜನಾಂಗದ ಮಾತೂ ಒಂದು. ಜನ ದುಡ್ಡು ಕೊಟ್ಟು ಬರುವುದು ಮನರಂಜನೆಗೆ, ಇದೆಲ್ಲ ಯಾಕೆ ಎಂಬುದು ದೊರೆಯ ಧೋರಣೆ. ಸ್ಟೈನ್ ಗೊಣಗುತ್ತಾನೆ, ಆಮೇಲೆ ತಿದ್ದುತ್ತಾನೆ. ಮುನೋಜನ ಸಿಟ್ಟು ಉಳಿಯುತ್ತದೆ, ಸಿಟ್ಟಿನ ಕಾರಣ ಹೋಗುತ್ತದೆ. ಕಾರಣ ಕಳೆದುಕೊಂಡ ಸಿಟ್ಟು ನೋಡುವವರಿಗೆ ಸ್ವಭಾವದಂತೆ ಕಾಣತೊಡಗುತ್ತದೆ: ‘ಅವರು ಹಂಗೇ ಕಣ್ರೀ, ಮೂಗಿನ ತುದೀಲಿ ಕೋಪ.’

ನಾಟಕಕಾರರಿಗೆ ಇದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೇ ದೊರೆಯನ್ನು ಗೇಲಿ ಮಾಡಿದ್ದಾರೆ. ಇಷ್ಟಕ್ಕೇ ಈ ನಾಟಕವನ್ನು ಪ್ರಗತಿಪರ ಎಂದು ಹೊಗಳಿ ಸುಮ್ಮನಾಗಬಹುದಿತ್ತು. ನನ್ನ ತಕರಾರು ಶುರುವಾಗುವುದೇ ಇಲ್ಲಿಂದ. ಮುನೋಜನ ಮಾತನ್ನು ಕತ್ತರಿಸಿದಾಗ ಈ ನಾಟಕದಲ್ಲಿ ಗಾಯವಾಗುವುದು ಯಾರಿಗೆ? ಸ್ಟೈನನಿಗೆ. ಅವನ ಆತ್ಮಸಾಕ್ಷಿ ನರಳುತ್ತದೆ, ಅವನ ಕಲೆ ಕೆಡುತ್ತದೆ, ಅವನು ಮಾರಿಕೊಂಡ ಎಂದು ನಮಗೆ ಬೇಜಾರಾಗುತ್ತದೆ. ನಾಟಕದ ಕೊನೆಗೆ ಸ್ಟೈನ್ ಸಿಡಿದೆದ್ದಾಗ ಎಲ್ಲಕ್ಕಿಂತ ದೊಡ್ಡ ಅವಮಾನಗಳಾಗಿ ಬರುವುದು ಚಿತ್ರಕತೆಯ ಮೇಲೆ ದೊರೆ ತನ್ನ ಹೆಸರನ್ನೂ ಸೇರಿಸಿಕೊಂಡದ್ದು ಮತ್ತು ಸ್ಟೋನನ ಪಾತ್ರವನ್ನು ಒಬ್ಬ ಸಿನಿಮಾ ಹಾಡುಗಾರನಿಗೆ ಕೊಟ್ಟದ್ದು. ಮುನೋಜನಿಗೆ ಅವನ ಕಾರಣವನ್ನು ವಾಪಸ್ಸು ಕೊಡಿಸಲು ಯಾರೂ ಟೈಪ್‌ರೈಟರ್ ಮುಂದೆ ಕೂರುವುದಿಲ್ಲ. ಮೆಕ್ಸಿಕನ್ನನ ನೋವು ಬಿಳಿಯ ಲೇಖಕನ ಪ್ರಾಮಾಣಿಕತೆಯ ಅಳತೆಗೋಲಾಗಿ ಬಂತು, ಅಳತೆ ಮುಗಿದ ಮೇಲೆ ಮೂಲೆಗೆ ಹೋಯಿತು.

ಇನ್ನೂ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, ಕತೆಯ ಒಳಗೆ ಮುನೋಜನ ಸಂಶಯವೇ ತಪ್ಪು ಎಂದು ತೀರ್ಮಾನವಾಗುತ್ತದೆ. ಆ ದೊರೆಗೆ ಗುಂಡು ಹೊಡೆದವಳು ಬಾಬಿ. ಅವಳನ್ನು ಉಳಿಸಲು ಸ್ಟೋನ್ ಬಾಯಿ ಮುಚ್ಚಿಕೊಂಡಿದ್ದ. ಹೀಗಾಗಿ ‘ಬಿಳಿಯನಿಗೊಂದು ನ್ಯಾಯ, ನಮಗೊಂದು ನ್ಯಾಯ’ ಎಂಬ ಮುನೋಜನ ಮಾತು ಲೋಕದ ವಿಷಯದಲ್ಲಿ ಸತ್ಯವಾದರೂ ಈ ಕತೆಯಲ್ಲಿ ಅಪಾರ್ಥವಾಗಿಬಿಡುತ್ತದೆ. ಸ್ಟೋನನ ಮೌನಕ್ಕೆ ತ್ಯಾಗದ ಬಣ್ಣ ಬಂತು, ಮುನೋಜನ ಮಾತಿಗೆ ಪೂರ್ವಗ್ರಹದ ಬಣ್ಣ ಬಂತು. ಇದು ಬಡ್ಡಿ ಫಿಡ್ಲರ್ ಮಾಡಿದ ತಿದ್ದುಪಡಿಯಲ್ಲ. ಕತೆಯ ಹೆಣಿಗೆಯಲ್ಲೇ ಇರುವ ಹುನ್ನಾರ.

ಎರಡನೆಯದು ಆ ಜೋಡಿ ಪಾತ್ರಗಳ ವ್ಯವಸ್ಥೆ. ಬಣ್ಣದ ಲೋಕದಲ್ಲಿ ಉಳಿದವರಿಗೆಲ್ಲ ಬದುಕಿದೆ. ಹೆಂಡತಿಯಿದ್ದಾಳೆ, ಸೆಕ್ರೆಟರಿಯಿದ್ದಾಳೆ, ದೊರೆಯಿದ್ದಾನೆ. ಮುನೋಜನ ಜೋಡಿ ಯಾರು? ಪಾಂಚೋ ವಾರ್ಗಾಸ್ ಎಂಬ ಸಿನಿಮಾ ನಟ. ಅಂದರೆ ನಿಜದ ಲೋಕದಲ್ಲಿ ಮೆಕ್ಸಿಕನ್ ಇರುವುದು ಮೆಕ್ಸಿಕನ್ನನ ಪಾತ್ರ ಮಾಡುವುದಕ್ಕಾಗಿ. ಸ್ಟೈನ್ ಹೆಂಡತಿಯನ್ನು ನೋಡಿ ಬಾಬಿಯನ್ನು ಬರೆದ, ಡೊನ್ನಾಳನ್ನು ನೋಡಿ ಊಲಿಯನ್ನು ಬರೆದ. ಮುನೋಜನನ್ನು ಯಾರನ್ನು ನೋಡಿ ಬರೆದ? ನಾಟಕ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಆ ಊರಿನ ಒಂದು ದೊಡ್ಡ ಸಮುದಾಯದ ಒಬ್ಬ ಮನುಷ್ಯನೂ ಸ್ಟೈನನ ಬದುಕಿನಲ್ಲಿ ಸುಳಿಯುವುದಿಲ್ಲ, ಅವರ ಸಿಟ್ಟು ಮಾತ್ರ ಅವನ ಕಾದಂಬರಿಗೆ ಬೇಕಾಗಿದೆ.

೩

ಇದು ಒಂದು ನಾಟಕದ ಕೊರತೆ ಮಾತ್ರವೆ? ಅದು ಲೇವಡಿ ಮಾಡುತ್ತಿರುವ ಪರಂಪರೆಯನ್ನು ಸ್ವಲ್ಪ ಕೆದಕಿದರೆ ಉತ್ತರ ಸಿಗುತ್ತದೆ.

ಚಾಂಡ್ಲರನ ‘ಫೇರ್‌ವೆಲ್, ಮೈ ಲವ್ಲಿ’ ಕಾದಂಬರಿ ಬಂದದ್ದು ೧೯೪೦ರಲ್ಲಿ. ಅದು ಶುರುವಾಗುವುದು ಲಾಸ್ ಏಂಜಲಿಸ್‌ನ ಸೆಂಟ್ರಲ್ ಅವೆನ್ಯೂನಲ್ಲಿ, ಕರಿಯರ ಒಂದು ಬಾರಿನಲ್ಲಿ. ಜೈಲಿನಿಂದ ಬಂದ ದೈತ್ಯ ಬಿಳಿಯನೊಬ್ಬ ತನ್ನ ಹಳೆಯ ಪ್ರೇಯಸಿಯನ್ನು ಹುಡುಕಿಕೊಂಡು ಬಂದು ಆ ಬಾರಿನ ಕರಿಯ ಯಜಮಾನನ ಕುತ್ತಿಗೆ ಮುರಿಯುತ್ತಾನೆ. ಕೇಸು ಬೇಸತ್ತ ಒಬ್ಬ ಪೊಲೀಸನ ತಲೆಗೆ ಬೀಳುತ್ತದೆ. ಸತ್ತವನು ಕರಿಯ, ಪತ್ರಿಕೆಯಲ್ಲಿ ನಾಲ್ಕು ಸಾಲೂ ಬರುವುದಿಲ್ಲ ಎಂಬುದೇ ಅವನ ಗೋಳು. ಕತೆ ಅಲ್ಲಿಂದ ಶ್ರೀಮಂತರ ಬಂಗಲೆಗಳ ಕಡೆ, ಕಳೆದುಹೋದ ಹರಳಿನ ಸರದ ಕಡೆ ಹೊರಟುಹೋಗುತ್ತದೆ. ಮೊದಲ ಹೆಣ ಬಾಗಿಲು ತೆರೆಯಲಷ್ಟೇ ಬೇಕಿತ್ತು. ಚಾಂಡ್ಲರನಿಗೆ ಪೊಲೀಸರ ಅಸಡ್ಡೆ ಕಂಡಿದೆ, ಅದನ್ನು ಬರೆದೂ ಇದ್ದಾನೆ. ಆದರೆ ಅವನ ಕಾದಂಬರಿಯೂ ಆ ಹೆಣದ ಹೆಂಡತಿ ಮಕ್ಕಳ ಮನೆ ಎಲ್ಲಿ ಎಂದು ಹುಡುಕಿಕೊಂಡು ಹೋಗುವುದಿಲ್ಲ.

೧೯೪೪ರಲ್ಲಿ ಈ ಕಾದಂಬರಿ ‘ಮರ್ಡರ್, ಮೈ ಸ್ವೀಟ್’ ಎಂಬ ಹೆಸರಿನಲ್ಲಿ ಸಿನಿಮಾ ಆಯಿತು. ನುವಾರ್ ಎಂದ ಕೂಡಲೇ ಹೇಳುವ ಹೆಸರುಗಳಲ್ಲಿ ಅದೂ ಒಂದು. ಅದರಲ್ಲಿ ಆ ಬಾರು ಬಿಳಿಯರ ಬಾರಾಗಿದೆ. ಕರಿಯ ಯಜಮಾನನೂ ಇಲ್ಲ, ಅವನ ಕೊಲೆಯೂ ಇಲ್ಲ. ಕಾದಂಬರಿಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗದೆ ಸತ್ತವನಿಗೆ ಸಿನಿಮಾದಲ್ಲಿ ಸಾಯುವುದಕ್ಕೂ ಜಾಗ ಸಿಗಲಿಲ್ಲ. ಆ ಸಿನಿಮಾದಲ್ಲಿ ಪತ್ತೇದಾರನ ಪಾತ್ರ ಮಾಡಿದ್ದು ಅದುವರೆಗೆ ಹಾಡಿನ ಸಿನಿಮಾಗಳ ನಾಯಕನಾಗಿದ್ದ ಡಿಕ್ ಪವೆಲ್. ‘ಸಿಟಿ ಆಫ್ ಏಂಜಲ್ಸ್’ನಲ್ಲಿ ಸ್ಟೋನನ ಪಾತ್ರ ಪಡೆಯುವ ಹಾಡುಗಾರನ ಹೆಸರು ಜಿಮ್ಮಿ ಪವರ್ಸ್. ಬಲ್ಲವರು ಆ ಹೆಸರು ಕೇಳಿಯೇ ನಗಬಹುದು. ಇತಿಹಾಸದ ಅದೇ ಸಿನಿಮಾದಿಂದ ಹಾಡುಗಾರನ ತಮಾಷೆ ನಾಟಕಕ್ಕೆ ಒದಗಿ ಬಂತು, ಅದೇ ಸಿನಿಮಾದಿಂದ ಕಾಣೆಯಾದ ಕರಿಯನ ಹೆಣ ಒದಗಿ ಬರಲಿಲ್ಲ.

ಇನ್ನು ಸ್ಟೈನ್ ಕೂತಿದ್ದ ಕುರ್ಚಿಯ ವಿಷಯ. ೧೯೪೦ರ ದಶಕದ ಅದೇ ಊರಿನಲ್ಲಿ ಚೆಸ್ಟರ್ ಹೈಮ್ಸ್ ಎಂಬ ಕರಿಯ ಲೇಖಕನಿದ್ದ. ಜೈಲಿನಲ್ಲಿದ್ದಾಗಲೇ ಕತೆ ಬರೆದು ಹೆಸರು ಮಾಡಿದ್ದವನು. ಬದುಕು ಕಟ್ಟಿಕೊಳ್ಳಲು ಲಾಸ್ ಏಂಜಲಿಸ್‌ಗೆ ಬಂದ. ವಾರ್ನರ್ ಸ್ಟುಡಿಯೋದಲ್ಲಿ ಕಾದಂಬರಿಗಳನ್ನು ಓದಿ ಸಾರಾಂಶ ಬರೆಯುವ ಸಣ್ಣ ಕೆಲಸಕ್ಕೆ ತನ್ನನ್ನು ಸೇರಿಸಿಕೊಂಡಿದ್ದರೆಂದೂ, ಕರಿಯನೊಬ್ಬ ತನ್ನ ಸ್ಟುಡಿಯೋದೊಳಗೆ ಇರಕೂಡದು ಎಂದು ಜ್ಯಾಕ್ ವಾರ್ನರ್ ಹೇಳಿದ್ದರಿಂದ ಆ ಕೆಲಸ ಹೋಯಿತೆಂದೂ ಹೈಮ್ಸ್ ಮುಂದೆ ಹೇಳಿಕೊಂಡಿದ್ದಾನೆ. ಸ್ಟೈನನ ದುಃಖ ದೊರೆ ತನ್ನ ಚಿತ್ರಕತೆಯನ್ನು ಕೆಡಿಸಿದ ಎಂಬುದು. ಹೈಮ್ಸ್‌ಗೆ ಕೆಡಿಸಿಕೊಳ್ಳಲು ಚಿತ್ರಕತೆಯೇ ಸಿಗಲಿಲ್ಲ. ಹಡಗು ಕಟ್ಟೆಗಳಲ್ಲಿ ದುಡಿದ ಅನುಭವದಿಂದ ಅವನು ೧೯೪೫ರಲ್ಲಿ ‘ಇಫ್ ಹಿ ಹಾಲರ್ಸ್ ಲೆಟ್ ಹಿಮ್ ಗೋ’ ಎಂಬ ಕಾದಂಬರಿ ಪ್ರಕಟಿಸಿದ. ಬಿಳಿಯ ಹೆಂಗಸೊಬ್ಬಳ ಸುಳ್ಳು ಆರೋಪಕ್ಕೆ ಸಿಕ್ಕಿದ ಕರಿಯ ಕಾರ್ಮಿಕನ ಕತೆ ಅದು. ನುವಾರ್ ಸಿನಿಮಾದ ಎಲ್ಲ ಸಾಮಗ್ರಿಯೂ ಅದರಲ್ಲಿದೆ: ಮೋಸದ ಹೆಣ್ಣು, ಬೆನ್ನಟ್ಟುವ ಪೊಲೀಸು, ನಾಯಕನೇ ಹೇಳುವ ಕತೆ. ಆದರೆ ಅಲ್ಲಿ ಭಯಕ್ಕೆ ಕಾರಣವಿದೆ, ಆ ಕಾರಣಕ್ಕೆ ಹೆಸರಿದೆ. ಕಾದಂಬರಿ ಮುಗಿಯುವಾಗ ನ್ಯಾಯಾಧೀಶ ಅವನನ್ನು ಸೈನ್ಯಕ್ಕೆ ಸಾಗಹಾಕುತ್ತಾನೆ. ಜೊತೆಗೆ ಹೊರಡುವವರು ಇಬ್ಬರು ಮೆಕ್ಸಿಕನ್ ಹುಡುಗರು. ಮುನೋಜನ ಅಣ್ಣತಮ್ಮಂದಿರು ಎನ್ನೋಣ. ಅದೇ ಊರು, ಅದೇ ದಶಕ.

ಹೈಮ್ಸ್ ಕೊನೆಗೆ ದೇಶ ಬಿಟ್ಟು ಫ್ರಾನ್ಸಿಗೆ ಹೋದ. ಹಾರ್ಲೆಮ್‌ನ ಇಬ್ಬರು ಕರಿಯ ಪತ್ತೇದಾರರನ್ನು ಸೃಷ್ಟಿಸಿ ಬರೆದ. ೧೯೫೮ರಲ್ಲಿ ಅಲ್ಲಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನ ಅವನಿಗೆ ಸಿಕ್ಕಿತು. ಅಮೆರಿಕದ ಸಿನಿಮಾಗಳಿಗೆ ‘ಕಪ್ಪು’ ಎಂದು ಹೆಸರಿಟ್ಟ ದೇಶವೇ ಕಪ್ಪು ಲೇಖಕನಿಗೆ ಅದೇ ಪ್ರಕಾರದಲ್ಲಿ ಒಂದು ಪೀಠ ಹಾಕಿತು. ಅವನ ಹಾರ್ಲೆಮ್ ಕಾದಂಬರಿಗಳಲ್ಲೂ ನಗುವಿದೆ, ಹೊಟ್ಟೆ ಹಿಡಿದುಕೊಂಡು ನಗಬೇಕು. ಆ ನಗು ಸಭೆಯನ್ನು ಕ್ಷೇಮವಾಗಿ ಮನೆಗೆ ಕಳಿಸುವ ನಗುವಲ್ಲ.

೪

ಹಾಗಾದರೆ ಈ ವಸ್ತುವನ್ನು ಸಂಗೀತದ ರಂಗಭೂಮಿಯಲ್ಲಿ ಬೇರೆ ರೀತಿ ಮಾಡಲು ಸಾಧ್ಯವಿತ್ತೆ? ಇತ್ತು. ಮಾಡಿಯೂ ಆಗಿತ್ತು. ‘ಸಿಟಿ ಆಫ್ ಏಂಜಲ್ಸ್’ಗೆ ಹತ್ತು ವರ್ಷ ಮೊದಲು, ೧೯೭೯ರಲ್ಲಿ, ಬ್ರಾಡ್‌ವೇಗೆ ‘ಜೂಟ್ ಸೂಟ್’ ಎಂಬ ನಾಟಕ ಬಂದಿತ್ತು. ಬರೆದು ನಿರ್ದೇಶಿಸಿದವನು ಲೂಯಿಸ್ ವಾಲ್ಡೆಜ್. ಕ್ಯಾಲಿಫೋರ್ನಿಯಾದ ಹೊಲಗಳ ಕೂಲಿಕಾರರ ಮುಷ್ಕರದಲ್ಲಿ, ೧೯೬೫ರಲ್ಲಿ, ಕೂಲಿಕಾರರನ್ನೇ ಕಟ್ಟಿಕೊಂಡು ನಾಟಕ ಆಡಿಸಲು ಶುರುಮಾಡಿದವನು. ಮೆಕ್ಸಿಕನ್ ಅಮೆರಿಕನ್ ನಾಟಕವೊಂದು ಬ್ರಾಡ್‌ವೇ ಹತ್ತಿದ್ದು ಅದೇ ಮೊದಲು.

ಅದರ ಕತೆಯೂ ೧೯೪೦ರ ದಶಕದ ಲಾಸ್ ಏಂಜಲಿಸ್‌ನದೇ. ೧೯೪೨ರಲ್ಲಿ ಸ್ಲೀಪಿ ಲಗೂನ್ ಎಂಬ ಕೊಳದ ಬಳಿ ಒಬ್ಬ ಯುವಕನ ಸಾವಾಯಿತು. ಪೊಲೀಸರು ನೂರಾರು ಮೆಕ್ಸಿಕನ್ ಹುಡುಗರನ್ನು ಹಿಡಿದರು. ೧೯೪೩ರ ಜನವರಿಯಲ್ಲಿ ೧೭ ಮಂದಿಗೆ ಶಿಕ್ಷೆಯಾಯಿತು. ೧೯೪೪ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಈ ನಡುವೆ, ೧೯೪೩ರ ಜೂನ್‌ನಲ್ಲಿ, ನಾವಿಕರೂ ಸೈನಿಕರೂ ಬೀದಿಗಿಳಿದು ಜೂಟ್ ಸೂಟ್ ತೊಟ್ಟ ಹುಡುಗರನ್ನು ಹೊಡೆದು ನಡುರಸ್ತೆಯಲ್ಲಿ ಬಟ್ಟೆ ಬಿಚ್ಚಿದರು. ಪೊಲೀಸರು ಹೊಡೆಸಿಕೊಂಡವರನ್ನು ಹಿಡಿದುಕೊಂಡು ಹೋದರು. ಉದ್ದನೆಯ ಕೋಟು, ಅಗಲ ಪ್ಯಾಂಟು ತೊಟ್ಟು ತಲೆಯೆತ್ತಿ ನಡೆದದ್ದೇ ಅಪರಾಧ. ಕೀಳೆಂದು ಕರೆಸಿಕೊಂಡವನು ಒಳ್ಳೆಯ ಬಟ್ಟೆ ತೊಟ್ಟರೆ, ಮೀಸೆ ತಿರುವಿದರೆ, ಕುದುರೆ ಏರಿ ಮದುವೆಯ ಮೆರವಣಿಗೆ ಹೊರಟರೆ ಏನಾಗುತ್ತದೆ ಎಂದು ಬಲ್ಲ ನಮಗೆ ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಆ ನಾಟಕದಲ್ಲಿ ಎಲ್ ಪಚೂಕೋ ಎಂಬ ಸೂತ್ರಧಾರನಿದ್ದಾನೆ. ಅವನು ಬೆರಳು ಚಿಟಿಕೆ ಹೊಡೆದರೆ ದೃಶ್ಯ ನಿಂತುಬಿಡುತ್ತದೆ. ಇನ್ನೊಂದು ಚಿಟಿಕೆಗೆ ಮತ್ತೆ ನಡೆಯುತ್ತದೆ. ನಾಯಕನನ್ನು ಕೆಣಕುತ್ತಾನೆ, ಪತ್ರಿಕೆಯವರ ಜೊತೆ ವಾದಕ್ಕಿಳಿಯುತ್ತಾನೆ, ಸುಖಾಂತ್ಯ ಒಪ್ಪದೆ ಬೇರೆ ಬೇರೆ ಕೊನೆಗಳನ್ನು ಮುಂದಿಡುತ್ತಾನೆ. ಈಗ ಎರಡು ನಾಟಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಕತೆಯನ್ನು ನಿಲ್ಲಿಸುವ, ತಿರುಗಿಸುವ ಆಟವಿದೆ. ಎರಡರಲ್ಲೂ ಆ ಕಾಲದ ಕುಣಿತದ ಸಂಗೀತವಿದೆ, ನಗುವಿದೆ. ‘ಸಿಟಿ ಆಫ್ ಏಂಜಲ್ಸ್’ನಲ್ಲಿ ನಿಲ್ಲಿಸುವ ಶಕ್ತಿ ಲೇಖಕನ ಟೈಪ್‌ರೈಟರಿನಲ್ಲಿದೆ. ‘ಜೂಟ್ ಸೂಟ್’ನಲ್ಲಿ ಅದು ಬಟ್ಟೆ ಬಿಚ್ಚಿಸಿಕೊಂಡವನ ಬೆರಳಲ್ಲಿದೆ. ನಮ್ಮ ವಿಮರ್ಶೆ ‘ಅಭಿವ್ಯಕ್ತಿ’, ‘ಸಂವೇದನೆ’ ಎಂಬ ದೊಡ್ಡ ಶಬ್ದಗಳಲ್ಲಿ ಹುಡುಕಾಡುವ ವ್ಯತ್ಯಾಸವೆಲ್ಲ ಈ ಒಂದು ಚಿಟಿಕೆಯಲ್ಲಿ ಇದೆ ಎಂದು ನನಗೆ ಅನ್ನಿಸಿದೆ.

ಲಾಸ್ ಏಂಜಲಿಸ್‌ನಲ್ಲಿ ‘ಜೂಟ್ ಸೂಟ್’ಗೆ ಜನ ಮುಗಿಬಿದ್ದಿದ್ದರು. ಬ್ರಾಡ್‌ವೇಯಲ್ಲಿ ಅದು ಕೆಲವೇ ವಾರ ನಿಂತಿತು. ಇದನ್ನು ಹೇಳುವುದು ಒಂದನ್ನು ಎತ್ತಿ ಇನ್ನೊಂದನ್ನು ಕೆಡವಲಿಕ್ಕಲ್ಲ. ಯಾವ ಸಭೆಗೆ ಯಾವ ನಗು ರುಚಿಸುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ ಅಷ್ಟೆ.

ಸಂಗೀತದ ಬಗ್ಗೆಯೂ ಒಂದು ಮಾತು. ಕೋಲ್ಮನ್ ಕೊಟ್ಟ ಸಂಗೀತ ಸೊಗಸಾದ ಜಾಜ್. ನಾಲ್ವರು ಗಾಯಕರು ಗ್ರೀಕ್ ನಾಟಕದ ಮೇಳದ ಹಾಗೆ ಬಂದು ಅರ್ಥವಿಲ್ಲದ ಅಕ್ಷರಗಳಲ್ಲೇ ನಾಟಕ ಶುರುಮಾಡುತ್ತಾರೆ. ಹಾಗೆ ಶಬ್ದ ಬಿಟ್ಟು ಸ್ವರದಲ್ಲೇ ಆಡುವ ಹಾಡಿಕೆಯನ್ನು ಬೆಳೆಸಿದವರು ಕರಿಯ ಗಾಯಕರು. ೧೯೪೦ರ ದಶಕದಲ್ಲಿ ಆ ಸಂಗೀತದ ಲಾಸ್ ಏಂಜಲಿಸ್ ಮನೆ ಅದೇ ಸೆಂಟ್ರಲ್ ಅವೆನ್ಯೂ, ಚಾಂಡ್ಲರನ ಕಾದಂಬರಿಯಲ್ಲಿ ಕರಿಯನ ಹೆಣ ಬಿದ್ದ ಬೀದಿ. ಆಗ ಆ ಊರಿನಲ್ಲಿ ವಾದ್ಯಗಾರರ ಸಂಘಗಳೂ ಎರಡು: ಬಿಳಿಯರಿಗೆ ೪೭ನೆಯ ಘಟಕ, ಕರಿಯರಿಗೆ ೭೬೭ನೆಯ ಘಟಕ. ಎರಡೂ ಒಂದಾದದ್ದು ೧೯೫೩ರಲ್ಲಿ. ಸ್ಟುಡಿಯೋಗಳ ಒಳ್ಳೆಯ ಸಂಬಳದ ಕೆಲಸ ಬಿಳಿಯರ ಸಂಘದ ಕೈಯಲ್ಲಿತ್ತು. ನಾಟಕದಲ್ಲಿ ಆ ಸಂಗೀತ ಆದಿಯಿಂದ ಅಂತ್ಯದವರೆಗೆ ತುಂಬಿದೆ, ಆ ಸಂಗೀತ ಕೊಟ್ಟ ಬೀದಿ ಕತೆಯಲ್ಲಿಲ್ಲ. ತಮಟೆ ಬೇಕು, ತಮಟೆಯವನು ಅಂಗಳದಾಚೆ ನಿಲ್ಲಬೇಕು ಎಂಬ ನಮ್ಮೂರಿನ ಕಾನೂನು ಸಮುದ್ರ ದಾಟಿದರೂ ಅದೇ.

೫

ಈಗ ನನ್ನ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳು. ತಾಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಓದುತ್ತಿದ್ದೆ. ವಾರ್ಷಿಕೋತ್ಸವಕ್ಕೆ ನಮ್ಮದೇ ಕಾಲೇಜಿನ ಮೇಷ್ಟ್ರು ಒಂದು ನಾಟಕ ಬರೆದು ಆಡಿಸಿದರು. ನನ್ನದು ತೋಟಿಯ ಪಾತ್ರ. ಪಂಚಾಯ್ತಿ ಕೂಡಿಸಲು ಊರನ್ನೆಲ್ಲ ಕರೆದು ಬಂದು ಕಟ್ಟೆಯ ಕೆಳಗೆ ನಿಂತ ತೋಟಿಗೆ ಮೊದಲ ಪ್ರತಿಯಲ್ಲಿ ಒಂದೇ ಒಂದು ಮಾತಿತ್ತು: ‘ನ್ಯಾಯ ನೋಡಕ್ಕೆ ಊರ್ನೆಲ್ಲಾ ಕರೆದೋನು ನಾನು ಬುದ್ಧಿ. ನಾನು ಎಲ್ಲಿ ಕೂತ್ಕಂಡು ನೋಡ್ಲಿ?’ ಮೇಷ್ಟ್ರೇ ಬರೆದ ಮಾತು. ಒಳ್ಳೆಯವರು, ನಮ್ಮ ಪರ ಇದ್ದವರು, ನನ್ನ ಪರೀಕ್ಷೆಯ ಫೀಸನ್ನು ಎರಡು ಸಲ ಕಟ್ಟಿದವರು. ನಾಟಕಕ್ಕೆ ಇನ್ನು ಮೂರು ದಿನ ಇದೆ ಎನ್ನುವಾಗ ಆ ಮಾತನ್ನು ತೆಗೆದರು. ಮುಂದಿನ ಸಾಲಿನಲ್ಲಿ ಕೂರುವವರಿಗೆ ಮುಜುಗರ ಆಗುತ್ತದೆಂದು ಮೇಲಿನವರು ಹೇಳಿದ್ದರಂತೆ. ಮೇಷ್ಟ್ರಿಗೂ ತುಂಬ ಬೇಜಾರಾಗಿತ್ತು. ‘ನನ್ನ ನಾಟಕದ ಜೀವಾನೇ ಹೋಯ್ತು ಕಣಯ್ಯಾ’ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು. ನಾನೇ ಅವರಿಗೆ ಸಮಾಧಾನ ಹೇಳಿದೆ.

ಮಾತು ಹೋದರೂ ಪಾತ್ರ ಉಳಿದಿತ್ತು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಎಂದು ತೋಟಿಗೆ ಒಂದಿಷ್ಟು ಹೆಂಡ ಕುಡಿಸಿದರು. ತೂರಾಡಿಕೊಂಡು ಬಂದು, ಕಟ್ಟೆ ಹತ್ತಲು ಹೋಗಿ, ಗೌಡನ ಗದರಿಕೆಗೆ ಬೆಚ್ಚಿ ಹಿಂದು ಹಿಂದಾಗಿ ನಡೆದು ಬೀಳಬೇಕು. ಬಿದ್ದೆ. ಆವತ್ತು ರಾತ್ರಿ ಎಲ್ಲಕ್ಕಿಂತ ಜಾಸ್ತಿ ಚಪ್ಪಾಳೆ ಬಿದ್ದದ್ದು ನನಗೇ. ಬಹುಮಾನವೂ ಬಂತು. ಊರಿನಿಂದ ನಡೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ನಮ್ಮಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೆ��ೆ ಏರಿಯ ಹತ್ತಿರ ಬಂದಾಗ ‘ಮನೇಲಿ ಹೇಳ್ಕತಿದ್ದಲ್ಲ ಮಗ, ಆ ಮಾತು ಎಲ್ಲೋಯ್ತು?’ ಅಂದ. ನಾನು ಏನೂ ಹೇಳಲಿಲ್ಲ.

‘ಸಿಟಿ ಆಫ್ ಏಂಜಲ್ಸ್’ ಪಠ್ಯದಲ್ಲಿ ಪಾತ್ರಗಳು ಹಿಂದು ಹಿಂದಾಗಿ ನಡೆಯುವ ರಂಗಸೂಚನೆ ಓದಿದಾಗ ನನಗೆ ನಗು ಬಂತು. ನಕ್ಕ ಮೇಲೆ ಆ ಕಟ್ಟೆ ನೆನಪಾಯಿತು. ಮೇಷ್ಟ್ರ ನೋವು ಸುಳ್ಳಲ್ಲ. ಸ್ಟೈನನ ನೋವೂ ಸುಳ್ಳಲ್ಲ. ಆದರೆ ಆ ಮಾತು ಹೋದದ್ದಕ್ಕೆ ಮೇಷ್ಟ್ರು ಕಳೆದುಕೊಂಡದ್ದು ಒಂದು ನಾಟಕದ ಜೀವ. ನಮ್ಮಪ್ಪ ಕಳೆದುಕೊಂಡದ್ದು ಬೇರೆ. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಿ ‘ಇಬ್ಬರೂ ನೊಂದವರೇ ಅಲ್ಲವೇ’ ಎನ್ನುವ ವಿಮರ್ಶೆ ನಮಗೆ ಬೇಡ. ನಮ್ಮ ಸಿಟ್ಟನ್ನು ಬರೆದ ಒಳ್ಳೆಯ ಮನಸ್ಸಿನ ಲೇಖಕರು ಕನ್ನಡದಲ್ಲೂ ಕಡಿಮೆಯಿಲ್ಲ. ಅವರ ಕೃತಿಗಳ ಮುಂದೆ ನಿಂತು ಒಂದು ಪ್ರಶ್ನೆ ಕೇಳುವುದು ಕೃತಘ್ನತೆಯಲ್ಲ: ಇಲ್ಲಿ ಅಳಿಸಿಹೋದದ್ದು ಯಾರದು, ಅದಕ್ಕಾಗಿ ಅಳುತ್ತಿರುವವರು ಯಾರು?

‘ಸಿಟಿ ಆಫ್ ಏಂಜಲ್ಸ್’ ಗೆದ್ದ ೧೯೯೦ರಲ್ಲೇ ಬ್ರಾಡ್‌ವೇಯ ಇನ್ನೊಂದು ರಂಗಮಂದಿರದಲ್ಲಿ ಆಗಸ್ಟ್ ವಿಲ್ಸನ್ ಎಂಬ ಕರಿಯ ನಾಟಕಕಾರನ ‘ದಿ ಪಿಯಾನೋ ಲೆಸನ್’ ಆಡುತ್ತಿತ್ತು. ಗುಲಾಮರಾಗಿದ್ದ ಪೂರ್ವಜರ ಮುಖಗಳನ್ನು ಕೆತ್ತಿದ ಒಂದು ಪಿಯಾನೋವನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ ಎಂದು ಅಕ್ಕ ತಮ್ಮ ಜಗಳವಾಡುವ ಆ ನಾಟಕಕ್ಕೆ ಆ ವರ್ಷದ ಪುಲಿಟ್ಜರ್ ಬಂತು. ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೂ ಒಂದೊಂದರಂತೆ ಹತ್ತು ನಾಟಕ ಬರೆದು ವಿಲ್ಸನ್ ೨೦೦೫ರ ಅಕ್ಟೋಬರಿನಲ್ಲಿ ತೀರಿಕೊಂಡ. ಅದೇ ತಿಂಗಳು ಬ್ರಾಡ್‌ವೇಯ ಒಂದು ರಂಗಮಂದಿರಕ್ಕೆ ಅವನ ಹೆಸರಿಟ್ಟರು. ಕರಿಯನೊಬ್ಬನ ಹೆಸರನ್ನು ಹೊತ್ತ ಮೊದಲ ಬ್ರಾಡ್‌ವೇ ರಂಗಮಂದಿರ ಅದು. ಅದರ ಹಳೆಯ ಹೆಸರು ವರ್ಜೀನಿಯಾ ಥಿಯೇಟರ್. ಮುನೋಜ್ ಎಂಟುನೂರಕ್ಕೂ ಹೆಚ್ಚು ರಾತ್ರಿ ಕುಣಿದು ನಗಿಸಿದ್ದು ಅಲ್ಲೇ.

ಹೆಸರು ಬದಲಾಗಿದೆ, ಸಂತೋಷ. ಆ ರಂಗದ ಮೇಲೆ ಟೈಪ್‌ರೈಟರ್ ಮುಂದೆ ಮುನೋಜ್ ಕೂರುವ ನಾಟಕವನ್ನು ಯಾರಾದರೂ ಬರೆದರೆ ನಾನು ಖಂಡಿತ ಓದುತ್ತೇನೆ. ಅದು ಹಾಸ್ಯ ನಾಟಕವೇ ಆಗಿರಲಿ. ನಮಗೂ ನಗಬೇಕು ಅಂತ ಆಸೆ ಇದೆ.